ಮೊಣಕೈಯಲ್ಲಿ ನಿಂತ ಅಲೆ

ನನಗೊಂದು ಬಲ ಮೊಣಕೈ ಇದೆ ಎಂಬುದು ನಲವತ್ಮೂರನೆಯ ವಯಸ್ಸಿನವರೆಗೂ ನನ್ನ ಗಮನಕ್ಕೇ ಬಂದಿರಲಿಲ್ಲ. ಹಲ್ಲು, ಹೊಟ್ಟೆ, ಮಂಡಿ ಇವೆಲ್ಲ ಆಗಾಗ ಹಾಜರಿ ಹೇಳುತ್ತಿರುತ್ತವೆ. ಮೊಣಕೈ ಹಿಂದಿನ ಬೆಂಚಿನ ಮೆತ್ತನೆಯ ಹುಡುಗನ ಹಾಗೆ, ಇದ್ದರೂ ಗೊತ್ತಾಗುವುದಿಲ್ಲ. ಅದರ ಹೆಸರು ಹಿಡಿದು ಕೂಗುವ ಪ್ರಸಂಗ ಬಂದದ್ದು ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಕ್ಕೆ. ಮುಂಡಗೋಡದಿಂದ ಚಿಗಳ್ಳಿಯ ಮನೆಗೆ ಬರುವಾಗ ಎಮ್ಮೆಯೊಂದಕ್ಕೆ ದಾರಿ ಬಿಡಲು ಹೋಗಿ ಸ್ಕೂಟರ್ ಸಮೇತ ಜಲ್ಲಿಯ ಮೇಲೆ ಬಿದ್ದೆ. ಎಮ್ಮೆ ತಿರುಗಿಯೂ ನೋಡಲಿಲ್ಲ.

ಮೊಣಕೈ ಮುರಿದು ಆರು ವಾರ ಪ್ಲಾಸ್ಟರು. ಅದನ್ನು ಕತ್ತರಿಸಿ ತೆಗೆದಾಗ ಒಳಗಿನಿಂದ ಬಂದ ಕೈ ನನ್ನದೇ ಎಂದು ನಂಬುವುದು ಕಷ್ಟವಾಯಿತು. ಯಾರಿಗೋ ಚಹದ ತಟ್ಟೆ ಒಡ್ಡಿದ ಭಂಗಿಯಲ್ಲಿ ಮಡಿಚಿಕೊಂಡೇ ನಿಂತಿತ್ತು. ಹುಬ್ಬಳ್ಳಿಯ ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು, "ಎಲುಬು ಚಲೋ ಕೂಡೇತ್ರಿ ಮಾಸ್ತರ್ರ. ಇನ್ನ ಕೈಯನ್ನ ನೀವ ಅಲ್ಲಾಡಸ್ಬೇಕು. ಬ್ಯಾರೆಯವ್ರ ಕಡಿಂದ ಜಗ್ಗಿಸ್ಕೋಬ್ಯಾಡ್ರಿ, ತಿಕ್ಕಿಸ್ಕೋಬ್ಯಾಡ್ರಿ," ಎಂದರು. ಹೇಳುವುದು ಸುಲಭ. ನಾನು ಅಲ್ಲಾಡಿಸಲಿಲ್ಲ. ನೋವು ಎಂದು ಎಲ್ಲರಿಗೂ ಹೇಳಿದೆ. ಹೆಂಡತಿ ಶಾಂತಾಗೂ ಅದನ್ನೇ ಹೇಳಿದೆ. ನಿಜವಾಗಿ ಅದು ಹೆದರಿಕೆ. ಬಿದ್ದ ದಿನ ಮೊಣಕೈಯೊಳಗೆ ಕೇಳಿಸಿದ ಸಣ್ಣ ಶಬ್ದವೊಂದು ಮತ್ತೆ ಕೇಳಿಸೀತು ಎಂಬ ಹೆದರಿಕೆ.

ನಾನು ಹೈಸ್ಕೂಲಿನ ಕನ್ನಡ ಮಾಸ್ತರ. ನನಗೆ ಇದ್ದ ಒಂದೇ ಒಂದು ಜಂಬವೆಂದರೆ ಅಕ್ಷರದ್ದು. ಸುತ್ತಿನ ನಾಲ್ಕಾರು ಶಾಲೆಗಳ ಪ್ರಮಾಣಪತ್ರಗಳ ಮೇಲೆ ಮಕ್ಕಳ ಹೆಸರು ಬರೆಯಲು ನನ್ನನ್ನೇ ಕರೆಯುತ್ತಿದ್ದರು. ಈಗ ಬಲಗೈ ಬೋರ್ಡಿನ ಕೆಳಗಿನ ಅರ್ಧಕ್ಕಷ್ಟೇ ಮುಟ್ಟುತ್ತಿತ್ತು, ಅಲ್ಲೂ ಅಕ್ಷರಗಳು ಇಳಿಜಾರಿನಲ್ಲಿ ಜಾರುತ್ತಿದ್ದವು. ಎಡಗೈಯಲ್ಲಿ ಬರೆದರೆ 'ಕ'ಕ್ಕೂ 'ಶ'ಕ್ಕೂ ಭೇದವಿರಲಿಲ್ಲ. ಹೆಡ್ಮಾಸ್ತರರು ಒಳ್ಳೆಯವರು. ಆದರೆ ಆ ವರ್ಷದ ಪ್ರಮಾಣಪತ್ರಗಳ ಕಟ್ಟು ನನ್ನ ಮೇಜಿಗೆ ಬರದೆ, ನೆಟ್ಟಗೆ ಡ್ರಾಯಿಂಗ್ ಮಾಸ್ತರರ ಮೇಜಿಗೆ ಹೋಯಿತು. ಅವತ್ತು ನಾನು ಊಟದ ಡಬ್ಬಿ ಬಿಚ್ಚಲಿಲ್ಲ.

ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಗಂಟುನೋವಿಗೆ ಗುಳಿಗೆ ಕೊಡುವ ಹಿರಿಯರೊಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಒಂದು ಶನಿವಾರ ಮಧ್ಯಾಹ್ನ ಹೋದರೆ ಅವರು ಊರಲ್ಲಿರಲಿಲ್ಲ. ಮುಂದಿನ ಟೆಂಪೊಗೆ ಇನ್ನೂ ಒಂದು ತಾಸು. ಎದುರಿಗಿದ್ದ ನೂಡಲ್ಸಿನ ಅಂಗಡಿಗೆ ಹೋಗಿ ಕುಳಿತೆ. ಗಲ್ಲಾಪೆಟ್ಟಿಗೆಯ ಹತ್ತಿರ ಅಂಗಡಿಯ ಅಮ್ಮ ಜಪಮಾಲೆ ಎಣಿಸುತ್ತಿದ್ದರು. ಪಕ್ಕದಲ್ಲಿ ಟೇಪ್ ರೆಕಾರ್ಡರಿನಲ್ಲಿ ಯಾವುದೋ ಹಾಡು ಧಡ್ ಧಡ್ ಎನ್ನುತ್ತಿತ್ತು. ಅದರ ಮುಂದೆ ಅವರ ಮಗ, ಇಪ್ಪತ್ತೆರಡು ಇಪ್ಪತ್ಮೂರರ ತರುಣ, ಎರಡೂ ಕೈ ಚಾಚಿ ನಿಂತಿದ್ದ. ಅವನ ಎಡಗೈ ಬೆರಳಲ್ಲಿ ಏನೋ ಒಂದು ಎದ್ದಿತು. ಎದ್ದದ್ದು ಮಣಿಕಟ್ಟಿಗೆ ಬಂತು, ಮೊಣಕೈ ಏರಿತು, ಹೆಗಲು ಹಾಯ್ದು, ಎದೆಯ ಮೇಲಿಂದ ಇಳಿದು, ಬಲ ಹೆಗಲಿಗೆ ಹತ್ತಿ, ಬಲಗೈ ಬೆರಳ ತುದಿಯಿಂದ ಎಲ್ಲಿಗೋ ಹೊರಟುಹೋಯಿತು. ಅದು ಹೋದ ದಿಕ್ಕಿನ ಗೋಡೆಯನ್ನು ನಾನು ನೋಡಿದೆ.

ಕುತೂಹಲ ನನಗೆ ಹುಟ್ಟಿನಿಂದ ಬಂದ ರೋಗ. ಎದ್ದು ಹೋಗಿ, "ಮತ್ತೊಮ್ಮೆ ಮಾಡು ನೋಡೋಣು," ಎಂದೆ.

ಅವನ ಹೆಸರು ತೆಂಜಿನ್. ಕಾಲೊನಿಯ ಗೋವಿನಜೋಳದ ಹೊಲಗಳಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ದೆಹಲಿಯಲ್ಲಿ ಓದುವ ಅಣ್ಣ ತಂದ ಸೀಡಿ ನೋಡಿ ಇದನ್ನು ಕಲಿತಿದ್ದನಂತೆ. "ಇದಕ್ಕ ವೇವ್ ಅಂತಾರ್ರಿ ಸರ. ಹಿಪ್‌ಹಾಪ್ ಡ್ಯಾನ್ಸ್ ಒಳಗ ಎಲ್ಲಾರೂ ಮೊದಲ ಇದನ್ನ ಕಲೀತಾರ," ಎಂದ. ಹುಟ್ಟಿ ಬೆಳೆದದ್ದು ಇಲ್ಲೇ ಆದ್ದರಿಂದ ಅವನ ಕನ್ನಡ ನನ್ನ ಸೋದರಮಾವನ ಕನ್ನಡದಂತೆಯೇ ಇತ್ತು.

"ಮೊಣಕೈ ಒಂದ ಹೆಂಗ ಏಳತೈತಿ? ಉಳಿದದ್ದು ಯಾಕ ಸುಮ್ನಿರತೈತಿ?" ಎಂದು ಕೇಳಿದೆ.

ಅವನು ನನ್ನ ಮಡಿಚಿದ ಕೈಯನ್ನು ನೋಡಿದ. "ಎಡಗೈ ಚಾಚ್ರಿ," ಎಂದ.

ಹೀಗೆ ನನ್ನ ನೃತ್ಯಾಭ್ಯಾಸ ಶುರುವಾಯಿತು. ಮೊದಲ ಶನಿವಾರ ಬರೀ ಎಡಗೈ. ಬೆರಳು ಬಗ್ಗಿಸಬೇಕು, ಮಣಿಕಟ್ಟು ಎತ್ತಬೇಕು, ಅದು ಇಳಿಯುವಾಗ ಮೊಣಕೈ ಏಳಬೇಕು, ಅದು ಇಳಿಯುವಾಗ ಹೆಗಲು. ನಾಲ್ಕೇ ಕೆಲಸ. ನನ್ನ ಕೈಯಲ್ಲಿ ನಾಲ್ಕೂ ಒಟ್ಟಿಗೇ ಆಗುತ್ತಿದ್ದವು. ನೋಡುವವರಿಗೆ ನಾನು ಕೋಳಿ ಓಡಿಸುತ್ತಿದ್ದೇನೆ ಅನ್ನಿಸಬೇಕು. ತೆಂಜಿನ್‌ನ ಅಮ್ಮ ಜಪ ನಿಲ್ಲಿಸಿ, ಸೊಂಟಕ್ಕೆ ಕಟ್ಟಿದ್ದ ಪಟ್ಟೆ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಸಂಧಿ ಪಾಠ ಮಾಡಿ ಹದಿನೆಂಟು ವರ್ಷ ಅನ್ನ ತಿಂದವನು ನಾನು. ಎರಡು ಅಕ್ಷರ ಕೂಡುವಲ್ಲಿ ಒಂದು ಲೋಪವಾಗುತ್ತದೆ, ಇಲ್ಲವೇ ಹೊಸದೊಂದು ನಡುವೆ ಬರುತ್ತದೆ, ಇಲ್ಲವೇ ಒಂದರ ಜಾಗಕ್ಕೆ ಇನ್ನೊಂದು ಬರುತ್ತದೆ ಎಂದು ನಿದ್ದೆಯಲ್ಲೂ ಹೇಳಬಲ್ಲೆ. ಮೈಯಲ್ಲಿರುವ ಕೀಲುಗಳಿಗೂ ನಮ್ಮವರು ಸಂಧಿ ಎಂದೇ ಕರೆದರಲ್ಲ, ಆ ಕಡೆ ಮಾತ್ರ ನನ್ನ ಯೋಚನೆ ಹರಿದಿರಲಿಲ್ಲ. ಕೂಡಬೇಕಾದಲ್ಲಿ ಕೂಡದೆ ಇದ್ದ ಹಾಗೇ ಉಳಿಯುವುದಕ್ಕೆ ವ್ಯಾಕರಣದಲ್ಲಿ ಪ್ರಕೃತಿಭಾವ ಎನ್ನುತ್ತಾರೆ. ನನ್ನ ಬಲ ಮೊಣಕೈ ಅದಕ್ಕೆ ಉದಾಹರಣೆಯಾಗಿತ್ತು. ಇದನ್ನು ತೆಂಜಿನ್‌ಗೆ ಹೇಳಿದೆ. "ಸಂಧಿ ಮಾತು ಬ್ಯಾಡ್ರಿ ಸರ. ಅದರ ಸಲುವಾಗೇ ನಾನು ಸಾಲಿ ಬಿಟ್ಟೇನಿ," ಎಂದ.

ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದಾಗ ಶಾಂತಾ ಬಾಗಿಲಲ್ಲಿ ನಿಂತು ನೋಡಿದಳು.

"ಏನ್ರಿ ಅದು, ಕೈಯಾಗ ಹಾವು ಹೊಕ್ಕಾಂಗ?"

"ವ್ಯಾಯಾಮ."

"ಡಾಕ್ಟರ್ ಬಲಗೈಗೆ ಹೇಳ್ಯಾರ. ನೀವು ಎಡಗೈಗೆ ಮಾಡ್ಲಿಕತ್ತೀರಿ."

ನಾನು ಎಡಗೈ ಕೆಳಗಿಳಿಸಿದೆ. ಅವಳು ಒಳಗೆ ಹೋದಳು, ಮತ್ತೆ ಬಂದಳು. "ಬಲಗೈಗೂ ಮಾಡ್ರಿ," ಎಂದಳು. ದನಿ ಬೇರೆಯಾಗಿತ್ತು. ನನ್ನ ಅಂಗಿಯ ಗುಂಡಿಗಳನ್ನು ಎರಡು ತಿಂಗಳಿಂದ ಹಾಕುತ್ತಿದ್ದವಳು ಅವಳೇ.

ಮೂರನೆಯ ಶನಿವಾರ ತೆಂಜಿನ್ ನನ್ನ ಎದುರಿಗೆ ನಿಂತು ನನ್ನ ಬಲಗೈ ಬೆರಳುಗಳನ್ನು ತನ್ನ ಎಡಗೈ ಬೆರಳುಗಳಿಗೆ ತಾಗಿಸಿಕೊಂಡ. "ನಾ ಕಳಸ್ತೇನಿ, ನೀವು ತಗೋರಿ," ಎಂದ. ಅವನ ಹೆಗಲಿನಿಂದ ಅಲೆ ಹೊರಟು ನನ್ನ ಬೆರಳಿಗೆ ಬಂತು. ಮಣಿಕಟ್ಟು ತೆಗೆದುಕೊಂಡಿತು. ಅಲ್ಲಿಂದ ಮುಂದೆ ಇಲ್ಲ. ನಾಲ್ಕು ಸಲ ಹಾಗೇ ಆಯಿತು. ಐದನೆಯ ಸಲ ಅವನು ನಿಲ್ಲಿಸಿದ.

"ಮೊಣಕೈ ಬಂದ ಕೂಡ್ಲೆ ನೀವು ಉಸಿರು ಹಿಡೀತೀರಿ ಸರ."

ಡಾಕ್ಟರಿಗೂ ಹೆಂಡತಿಗೂ ಹೇಳದೆ ಬಚ್ಚಿಟ್ಟದ್ದು ಒಬ್ಬ ಟ್ರ್ಯಾಕ್ಟರಿನ ಹುಡುಗನಿಗೆ ಕಂಡುಬಿಟ್ಟಿತ್ತು. "ಹೆದರಿಕಿ ಐತಿ," ಎಂದೆ. ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಇರಲಿ ಬಿಡ್ರಿ. ಉಸಿರು ಒಂದ ಬಿಡ್ರಿ, ಸಾಕು."

ಉಸಿರು ಬಿಟ್ಟೆ. ಮೊಣಕೈ ಒಂದು ಹೆಬ್ಬೆರಳಿನಷ್ಟು ಎದ್ದಿತು. ನೋವಾಯಿತು, ಶಬ್ದವೇನೂ ಬರಲಿಲ್ಲ. ಅಂಗಡಿಯ ಅಮ್ಮ ಒಂದು ಬಟ್ಟಲು ಬಿಸಿ ಸಾರು ತಂದು ನನ್ನ ಮುಂದಿಟ್ಟರು.

ಆಮೇಲಿನದು ದಿನಾ ಮಾಡುವ ಕೆಲಸ. ಶಾಲೆ ಬಿಟ್ಟ ಮೇಲೆ ಖಾಲಿ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಅಡ್ಡಗೆರೆ ಎಳೆದು ಅದರಗುಂಟ ಕೈ ಇಟ್ಟು ಅಭ್ಯಾಸ ಮಾಡಿದೆ. ವಾರಕ್ಕೊಮ್ಮೆ ಗೆರೆಯನ್ನು ಒಂದು ಬೆರಳು ಮೇಲೆ ಎಳೆದೆ. ಮಳೆ ಹಿಡಿಯುವ ಹೊತ್ತಿಗೆ ಬೋರ್ಡಿನ ಮೇಲಿನ ತುದಿಗೆ ಪಾಠದ ಹೆಸರು ಬರೆಯುವಷ್ಟಾಯಿತು. ಡಾಕ್ಟರು ಕೈ ಅಳೆದು, ಇನ್ನು ಇಷ್ಟೇ, ಪೂರಾ ನೆಟ್ಟಗಾಗುವುದಿಲ್ಲ ಎಂದರು. ನನಗೆ ಅಷ್ಟು ಸಾಕಾಗಿತ್ತು. ಡ್ರಾಯಿಂಗ್ ಮಾಸ್ತರರು ಮರುವರ್ಷ ಪ್ರಮಾಣಪತ್ರಗಳ ಕಟ್ಟನ್ನು ತಾವೇ ತಂದು ನನ್ನ ಮುಂದಿಟ್ಟು, "ನನ್ನ ಕಣ್ಣು ಹೋದೂವು ಮಾರಾಯ್ರ, ನೀವ ತಗೋರಿ," ಎಂದರು.

ಕಾಲೊನಿಗೆ ಹೋಗಿ ಪೂರ್ತಿ ಅಲೆಯನ್ನು ತೆಂಜಿನ್‌ಗೆ ತೋರಿಸಿದೆ. ಎಡಗೈ ಬೆರಳಿಂದ ಹೊರಟು ಹೆಗಲು, ಎದೆ, ಹೆಗಲು ದಾಟಿ ಬಲ ಮೊಣಕೈಗೆ ಬಂದಾಗ ಕ್ಷಣಕಾಲ ಅಲ್ಲೇ ತಡೆಯಿತು. ಏನೋ ಮರೆತು ನಿಂತವರ ಹಾಗೆ. ಆಮೇಲೆ ಚಟಕ್ಕನೆ ಮಣಿಕಟ್ಟಿಗೆ ಹಾರಿ ಬೆರಳಿಂದ ಹೊರಗೆ ಹೋಯಿತು.

ಅವನು ಟೇಪ್ ನಿಲ್ಲಿಸಿದ. "ನಡುವ ನಿಂದ್ರಿಸಿದ್ರಲ್ಲ, ಅದನ್ನ ಹೆಂಗ ಮಾಡಿದ್ರಿ ಸರ?"

ಗೇಲಿ ಮಾಡುತ್ತಿದ್ದಾನೆ ಎಂದುಕೊಂಡೆ. ಹಾಗಿರಲಿಲ್ಲ. ಕೈ ಚಾಚಿ ತಾನೂ ಪ್ರಯತ್ನಿಸಿದ. ಅವನ ಅಲೆ ಎಣ್ಣೆಯ ಹಾಗೆ ಸಲೀಸಾಗಿ ಹರಿದುಹೋಯಿತು. ಮತ್ತೆ ಮಾಡಿದ. ಈ ಸಲ ನಿಂತಿತು, ಆದರೆ ಬ್ರೇಕು ಹಾಕಿದ ಟ್ರ್ಯಾಕ್ಟರಿನಂತೆ, ಇಡೀ ಮೈ ನಿಂತುಬಿಟ್ಟಿತು. ನನ್ನಿಂದ ಇನ್ನೊಮ್ಮೆ ಮಾಡಿಸಿದ, ಹುಬ್ಬು ಗಂಟಿಕ್ಕಿ ಮೊಣಕೈಯನ್ನೇ ನೋಡಿದ. ಅವನ ಅಮ್ಮನೂ ಗಲ್ಲಾ ಬಿಟ್ಟು ಬಂದು ನೋಡಿದರು.

ಕಲಿಸುವುದು ನನ್ನ ಉದ್ಯೋಗ. ಬಾರದ ಎಷ್ಟೋ ಸಂಗತಿಗಳನ್ನು ಬಂದವನಂತೆ ಧೈರ್ಯವಾಗಿ ಕಲಿಸಿದ್ದೇನೆ. ಅವತ್ತು ಅರ್ಧ ತಾಸು ಅವನ ಕೈ ಹಿಡಿದು, ಎತ್ತಿ, ಇಳಿಸಿ, ಹೇಗೆಂದು ಹೇಳಲು ಹೆಣಗಿದೆ. ನನಗೆ ನಿಜವಾಗಿ ಬರುತ್ತಿದ್ದ ಆ ಒಂದನ್ನು ಮಾತ್ರ ಕಲಿಸಲು ಆಗಲಿಲ್ಲ.