ಕೆಳಗಿನದು ಹಳೆಯದು, ಮೇಲಿನದು ಹೊಸದು

ಕೆಳಗಿನದು ಹಳೆಯದು, ಮೇಲಿನದು ಹೊಸದು. ಚಿತ್ತಾಪುರದ ಹೈಸ್ಕೂಲಿನಲ್ಲಿ ನಾನು ಇತಿಹಾಸದ ಪಾಠ ಶುರು ಮಾಡುವುದೇ ಈ ಮಾತಿನಿಂದ. ಹುಡುಗರು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ. ಹೋದ ಗುರುವಾರ ಈ ಮಾತು ಸುಳ್ಳಾಯಿತು. ನಮ್ಮೂರ ಹಾಳುದಿಬ್ಬದಲ್ಲಿ, ಸಾವಿರಾರು ವರ್ಷದ ಮಡಕೆ ಚೂರುಗಳ ಕೆಳಗೆ, ಅವತ್ತು ಬೆಳಿಗ್ಗೆ ನಮ್ಮ ಮನೆಗೆ ಮಜ್ಜಿಗೆ ತಂದುಕೊಟ್ಟಿದ್ದ ಹೆಣ್ಣುಮಗಳು ಸಿಕ್ಕಳು.

ಅವಳ ಹೆಸರು ಸಿದ್ದಮ್ಮ. ಎದುರುಮನೆ ಭೀಮವ್ವನ ಸೊಸೆ. ಗಂಡ ಶರಣಪ್ಪ ವಾಡಿಯಲ್ಲಿ ಸಿಮೆಂಟ್ ಚೀಲ ಹೊರುತ್ತಾನೆ. ತೊಟ್ಟಿಲಲ್ಲಿ ಒಂದು ಕೂಸು.

ನನ್ನ ಬೇಸಿಗೆ ರಜೆ ಹೇಗಿರುತ್ತದೆಂದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. (ಕೈಯಲ್ಲಿ ಪೆನ್ನು ಕಾಣದಿದ್ದರೆ ಹೆಂಡತಿ ಗಿರಣಿಗೆ ಕಳಿಸುತ್ತಾಳೆ.) ಅವತ್ತು ಒಂಬತ್ತನೇ ಕ್ಲಾಸಿನವರಿಗೆ ಹಂಚಲಿಕ್ಕೆಂದು ಪ್ರಾಚೀನ ನಾಗರಿಕತೆಯ ಮುಖ್ಯ ಪದಗಳನ್ನು ಬರೆದುಕೊಳ್ಳುತ್ತಿದ್ದೆ. ನೆಲೆ, ಪದರ, ಅವಶೇಷ, ಶ್ರಮವಿಭಜನೆ, ನಾಗರಿಕತೆ. ಒಂದೊಂದಕ್ಕೆ ಎರಡೆರಡು ಸಾಲಿನ ವಿವರಣೆ. ಪರೀಕ್ಷೆಗೆ ಅಷ್ಟು ಸಾಕು. ನೆಲೆ ಮುಗಿದಿತ್ತು: 'ಮನುಷ್ಯರು ಬಹುಕಾಲ ವಾಸಿಸಿ ತಮ್ಮ ಗುರುತು ಬಿಟ್ಟುಹೋದ ಜಾಗ.' ಪದರಕ್ಕೆ ಬಂದಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ಟೇಲರ್ ಮೌಲಾಸಾಬ ಬಾಗಿಲಲ್ಲಿ ನಿಂತು, ದಿಬ್ಬ ಕುಸಿದಿದೆ, ಸಲಿಕೆ ಇದ್ದರೆ ತಗೊಂಡು ಬರ್ರಿ ಎಂದ.

ಈ ದಿಬ್ಬದ ಬಗ್ಗೆ ಎರಡು ಮಾತು ಹೇಳಬೇಕು. ಕಾಗಿಣಾ ದಂಡೆಯ ನಮ್ಮ ಸೀಮೆಯಲ್ಲಿ ಎಲ್ಲೆಲ್ಲೂ ಕಪ್ಪು ಎರೆಮಣ್ಣು. ಜೋಳಕ್ಕೆ ಬಂಗಾರದಂಥದ್ದು, ಮಾಳಿಗೆಗೆ, ಅಂದರೆ ನಮ್ಮ ಮಣ್ಣಿನ ಚಾವಣಿಗೆ, ಮಾತ್ರ ಬೇಡ. ಬಿಸಿಲಿಗೆ ಕೈ ಹೋಗುವಷ್ಟು ಬಿರಿಯುತ್ತದೆ. ಮಾಳಿಗೆಯ ಮೇಲೆ ಹಾಕಲಿಕ್ಕೆ ಬಿಳಿಮಣ್ಣೇ ಆಗಬೇಕು, ಅದು ಸಿಗುವುದು ಹಾಳುದಿಬ್ಬದಲ್ಲಿ ಮಾತ್ರ. ಅದು ಯಾಕೆ ಬೆಳ್ಳಗಿದೆ? ಯಾವುದೋ ಕಾಲದ ಜನ ಅಲ್ಲಿ ಮನೆ ಕಟ್ಟಿ, ಮನೆ ಬಿದ್ದು, ಅದರ ಮೇಲೆ ಮತ್ತೆ ಕಟ್ಟಿ, ಒಲೆಯ ಬೂದಿ ಸುರಿದು, ದನ ಕಟ್ಟಿ, ಹಾಗೆ ಆದ ಮಣ್ಣು ಅದು. ಅಂದರೆ ನಾವು ಸತ್ತವರ ಮನೆಗಳನ್ನು ಬುಟ್ಟಿಯಲ್ಲಿ ತುಂಬಿ ತಂದು ನಮ್ಮ ಮನೆಯ ಮೇಲೆ ಹಾಕಿಕೊಳ್ಳುತ್ತೇವೆ. ಜೂನಿನಲ್ಲಿ ಮಿರಗದ ಮಳೆ ಹಿಡಿಯುವ ಮೊದಲು, ವರ್ಷಾ ವರ್ಷಾ, ಹೆಂಗಸರೇ ಹೋಗಿ ತರಬೇಕು.

ಮೇಲಿನ ಮಣ್ಣಿನಲ್ಲಿ ಕಲ್ಲು, ಜಾಲಿಮುಳ್ಳು. ಒಳ್ಳೆಯ ಮಣ್ಣು ಬುಡದಲ್ಲಿ. ಹಾಗಾಗಿ ಎಲ್ಲರೂ ದಿಬ್ಬದ ಪಕ್ಕೆಯನ್ನೇ ಕೆರೆಯುತ್ತಾರೆ. ಕೆರೆದು ಕೆರೆದು ಅಲ್ಲೊಂದು ಗವಿ ಆಗಿದೆ. ಮೇ ತಿಂಗಳ ನಮ್ಮ ಬಿಸಿಲು ನಿಮಗೆ ಗೊತ್ತಲ್ಲ? ಇಡೀ ದಿಬ್ಬದಲ್ಲಿ ನೆರಳು ಇರುವುದು ಆ ಗವಿಯಲ್ಲಿ ಮಾತ್ರ. ಒಳಗೆ ಹೋದಷ್ಟೂ ತಂಪು, ಒಳಗೆ ಹೋದಷ್ಟೂ ಮಣ್ಣು ನುಣುಪು. ಯಾರು ಹೊರಗೆ ಕೂತು ಅಗೆಯುತ್ತಾರೆ?

ಸಿದ್ದಮ್ಮ ಒಳಗಿದ್ದಳು. ಭೀಮವ್ವ ತುಂಬಿದ ಬುಟ್ಟಿ ಹೊತ್ತು ಹತ್ತು ಹೆಜ್ಜೆ ಬಂದಿದ್ದಳಂತೆ. ಹಿಂದೆ ದೊಡ್ಡ ಸದ್ದೇನೂ ಆಗಲಿಲ್ಲವಂತೆ. ತಿರುಗಿ ನೋಡಿದರೆ ಗವಿ ಇರಲಿಲ್ಲ.

ನಾವು ಹೋದಾಗ ಭೀಮವ್ವ ಎರಡೂ ಕೈಯಿಂದ ಮಣ್ಣು ಬಗೆಯುತ್ತಿದ್ದಳು. ಸಲಿಕೆ ಹಾಕಲು ಯಾರಿಗೂ ಧೈರ್ಯ ಬರಲಿಲ್ಲ. ಎಲ್ಲಿ ಅವಳ ತಲೆಗೋ ಕೈಗೋ ತಗುಲೀತು ಎಂದು ನಾವೂ ಕೈಯಲ್ಲೇ ಬಗೆದೆವು. ಹಿಡಿಹಿಡಿ ಮಣ್ಣಿನ ಜೊತೆ ಮಡಕೆ ಚೂರು ಬರುತ್ತಿದ್ದವು. ಒಳಗೆ ಕಪ್ಪು, ಹೊರಗೆ ಕೆಂಪು. ಬಹಳ ಹಳೆಯವು ಎಂದು ನನ್ನ ತಲೆ ತಾನಾಗಿಯೇ ಲೆಕ್ಕ ಹಾಕಿತು. ಅಂಥ ಹೊತ್ತಿನಲ್ಲೂ ಪಾಠ ನೆನಪಾಗುವ ಈ ತಲೆಯ ಮೇಲೆ ನನಗೆ ಹೇಸಿಗೆಯಾಯಿತು.

ಆಮೇಲೆ ಒಂದು ಎಲುಬು ಬಂತು. ಎಲ್ಲರ ಕೈ ನಿಂತವು. ಮೌಲಾಸಾಬ ಅದನ್ನು ಎತ್ತಿ ಒರೆಸಿದ. ಬೂದು ಬಣ್ಣದ, ಒಣಗಿ ಹಗುರಾದ ಎಲುಬು. ಯಾವ ಕಾಲದ ಎತ್ತಿನದೋ. ಭೀಮವ್ವ ಅದನ್ನು ಕಸಿದುಕೊಂಡು ನೋಡಿ, ನಮ್ಮಾಕಿದಲ್ಲ ಎಂದು ಬದಿಗಿಟ್ಟು ಮತ್ತೆ ಬಗೆಯತೊಡಗಿದಳು. ಅವಳ ದನಿಯಲ್ಲಿ ಆಸೆ ಇತ್ತು. ಅದನ್ನು ಕೇಳಿ ನನಗೂ ಆಸೆ ಹುಟ್ಟಿತು.

ಅದಾದ ಮೇಲೆ ಕಂಡದ್ದು ಹಸಿರು ಬಳೆ. ಸಿದ್ದಮ್ಮನನ್ನು ಹೊರಗೆ ತೆಗೆದಾಗ ಮೌಲಾಸಾಬ ಅವಳ ಮೂಗಿನ ಹತ್ತಿರ ಕೈ ಹಿಡಿದು ಬಹಳ ಹೊತ್ತು ನೋಡಿದ. ನಂತರ ತನ್ನ ಹೆಗಲ ಮೇಲಿನ ಟವೆಲ್ ತೆಗೆದು ಅವಳ ಮುಖ ಮುಚ್ಚಿದ.

ಸಂಜೆಯ ಪ್ಯಾಸೆಂಜರ್ ಗಾಡಿಗೆ ಶರಣಪ್ಪ ಬಂದ. ಶಿಫ್ಟಿನಿಂದ ಹಾಗೇ ಎದ್ದು ಬಂದಿದ್ದ. ತಲೆ, ಹುಬ್ಬು, ಕಣ್ಣರೆಪ್ಪೆ ಎಲ್ಲ ಸಿಮೆಂಟು. ಈ ಮನುಷ್ಯ ತನ್ನ ಮಾಳಿಗೆಗೆಂದು ಎರಡು ಚೀಲ ಸಿಮೆಂಟಿಗೆ ಸರಕಾರದ ಪರ್ಮಿಟ್ ಕೇಳಿ ಹೋದ ವರ್ಷವೇ ಅರ್ಜಿ ಹಾಕಿದ್ದ, ಇನ್ನೂ ಸಿಕ್ಕಿಲ್ಲ. ಅವನ ಬೆನ್ನ ಮೇಲಿಂದ ವ್ಯಾಗನ್‌ಗಟ್ಟಲೆ ಸಿಮೆಂಟ್ ಬೊಂಬಾಯಿಗೆ, ಹೈದರಾಬಾದಿಗೆ ಹೋಗುತ್ತದೆ. ಅವನ ಮನೆಯ ಮೇಲೆ ಹೆಂಡತಿ ಕೆರೆದು ತಂದ ಮಣ್ಣು! ನನ್ನ ಪಟ್ಟಿಯಲ್ಲಿ ಶ್ರಮವಿಭಜನೆ ಎಂಬ ಪದ ಇದೆ. ಒಬ್ಬೊಬ್ಬರು ಒಂದೊಂದು ಕೆಲಸ ಹಂಚಿಕೊಂಡದ್ದರಿಂದ ನಾಗರಿಕತೆ ಬೆಳೆಯಿತು ಎಂದು ಪುಸ್ತಕ ಹೇಳುತ್ತದೆ. ಯಾರ ಮನೆಯಲ್ಲಿ ಬೆಳೆಯಿತು ಎಂದು ಯಾವ ಹುಡುಗನೂ ನನ್ನನ್ನು ಇನ್ನೂ ಕೇಳಿಲ್ಲ. ಕೇಳದಿದ್ದರೆ ಒಳ್ಳೆಯದು.

ಮರುದಿನ ಸರಕಾರಿ ಜೀಪು ಬಂತು. ಇಳಿದ ಅಧಿಕಾರಿಗೆ ದಿಬ್ಬದ ಮಹತ್ವ ಗೊತ್ತಿತ್ತು, ಅದನ್ನು ಒಪ್ಪಬೇಕು. ಇದು ಪ್ರಾಚೀನ ನೆಲೆ, ಇಲ್ಲಿ ಅಗೆಯುವುದು ಅಪರಾಧ, ಬೋರ್ಡು ಹಾಕಿತ್ತಲ್ಲ, ಎಲ್ಲಿ ಹೋಯಿತು ಎಂದರು. (ಬೋರ್ಡಿನ ತಗಡು ಯಾರದೋ ಕೋಳಿಗೂಡಿನ ಮೇಲಿದೆ. ಅದೂ ಮಾಳಿಗೆಯೇ.) ಅಪರಾಧ ಮಾಡುವಾಗ ಸತ್ತವಳಿಗೆ ಪರಿಹಾರ ಕೊಡಲು ಬರುವುದಿಲ್ಲ ಎಂದೂ ತಿಳಿಸಿದರು. ಆಮೇಲೆ ನನ್ನತ್ತ ತಿರುಗಿ, ನೀವು ಇತಿಹಾಸದ ಮೇಷ್ಟ್ರು, ನೀವಾದರೂ ಜನಕ್ಕೆ ತಿಳಿಸಿ ಹೇಳಬಾರದೆ ಎಂದರು.

ಏನಂತ ತಿಳಿಸಲಿ? ಸೋರಿದರೂ ಪರವಾಗಿಲ್ಲ, ಅವಶೇಷ ಕಾಪಾಡಿ ಅನ್ನಲೆ? ಅವರು ಕೂತಿದ್ದ ನಮ್ಮ ಪಡಸಾಲೆಯ ಮೇಲೂ ಅದೇ ದಿಬ್ಬದ ಮಣ್ಣಿತ್ತು. ಹಳಬರು ಇದ್ದಾಗ ನಿಜಾಮನ ರಾಜ್ಯ, ನಾನು ನೌಕರಿಗೆ ಸೇರಿದಾಗ ಮೈಸೂರು ರಾಜ್ಯ, ಈಗ ಕರ್ನಾಟಕ. ಮೂರೂ ಸರಕಾರದಲ್ಲಿ ನಮ್ಮ ತಲೆಯ ಮೇಲಿನ ಮಣ್ಣು ಬದಲಾಗಿಲ್ಲ. ಅಧಿಕಾರಿ ಚಹಾ ಕುಡಿದರು, ದಿಬ್ಬಕ್ಕೆ ಬೇಲಿ ಹಾಕಿಸಲು ಬರೆಯುತ್ತೇನೆ ಎಂದರು, ಹೋದರು.

ಈ ಮಾತು ಇಲ್ಲಿಗೇ ಮುಗಿಸೋಣ ಎಂದಿದ್ದೆ. ಆದರೆ ನಿನ್ನೆ ಸಂಜೆ ಮೂಡಣಕ್ಕೆ ಮೋಡ ಕಟ್ಟಿತು. ಇವತ್ತು ಬೆಳಿಗ್ಗೆ ಭೀಮವ್ವ ಖಾಲಿ ಬುಟ್ಟಿ ಹಿಡಿದು ನಮ್ಮ ಮನೆಯ ಮುಂದಿನಿಂದ ಹೊರಟಿದ್ದಳು. ನಾನು ಅಂಗಳಕ್ಕೆ ಓಡಿ ಅಡ್ಡ ನಿಂತೆ. "ಕಾಕಿ, ಅಲ್ಲಿಗೆ ಮತ್ತ ಹೋಗಬ್ಯಾಡ" ಎಂದೆ. ಅವಳಿಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ.

"ಅಗಿಯಾಕ ಹೊಂಟಿಲ್ಲ ತಮ್ಮಾ. ಮಣ್ಣು ತಾನೇ ಬಿದ್ದದ. ತುಂಬ್ಕೊಂಡ್ ಬರೋದಷ್ಟೇ ಅದ" ಎಂದಳು. ನಾನು ದಾರಿ ಬಿಡದ್ದನ್ನು ನೋಡಿ, "ತೊಟ್ಟಿಲದಾಗ ಕೂಸದ. ಮಳಿ ಬಂದ್ರ ಅದರ ಮ್ಯಾಲೇ ಸೋರ್ತದ" ಎಂದಳು.

ದಾರಿ ಬಿಟ್ಟೆ. ಆಮೇಲೆ ನಾನೂ ಒಂದು ಬುಟ್ಟಿ ತಗೊಂಡು ಹಿಂದೆ ಹೋದೆ, ಮೌಲಾಸಾಬನೂ ಬಂದ. ಸಿದ್ದಮ್ಮ ಇದ್ದ ಜಾಗದ ಮಣ್ಣೇ ಎಲ್ಲಕ್ಕಿಂತ ನುಣುಪಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಶರಣಪ್ಪ ಮಾಳಿಗೆ ಹತ್ತಿ ಅದನ್ನು ಹರವಿ, ತುಳಿದು, ನೀರು ಚಿಮುಕಿಸಿ ಗಟ್ಟಿ ಮಾಡಿದ. ಕೆಳಗೆ ಕೂಸು ನಿದ್ದೆ ಹೋಗಿತ್ತು. ಒಂದು ಕಡೆಯೂ ಮಣ್ಣು ಉದುರಲಿಲ್ಲ.

ಮನೆಗೆ ಬಂದು ಪಟ್ಟಿ ಮುಂದಿಟ್ಟುಕೊಂಡಿದ್ದೇನೆ. 'ಪದರ' ಎಂದು ಬರೆದು ಮುಂದೆ ಖಾಲಿ ಬಿಟ್ಟ ಜಾಗ ಹಾಗೇ ಇದೆ. ಮೊನ್ನೆ ತಾಯಿಯ ಮೇಲೆ ಬಿದ್ದ ಮಣ್ಣು ಇವತ್ತು ಮಗುವಿನ ಮೇಲಿದೆ. ಇದನ್ನು ಹಳೆಯದು ಅಂತ ಬರೆಯಲೋ, ಹೊಸದು ಅಂತಲೋ?