ಸಾಸಿಲ್ಲದ ತಕೊಯಾಕಿ

ಒಸಾಕಾದ ತೆಂಗಾಚಾಯ ಪೇಟೆಬೀದಿಯಲ್ಲಿ ಕಿಯೊನೊ ಆಕ್ಟೋಪಸ್ ತುಂಡಿಟ್ಟ ಹಿಟ್ಟಿನುಂಡೆ, ತಕೊಯಾಕಿ, ಸುಡಲು ನಿಂತಳೆಂದರೆ ಮೀನಂಗಡಿಯ ಬೆಕ್ಕೂ ಇತ್ತ ತಿರುಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ಆ ಗುಳಿಹಂಚನ್ನೇ ನಂಬಿ ಮಗಳನ್ನು ಓದಿಸಿ, ಮದುವೆ ಮಾಡಿದವಳು. ಕೈ ಚುರುಕು, ಬಾಯಿ ಇನ್ನೂ ಚುರುಕು.

ಪಕ್ಕದ ತೋಫು ಅಂಗಡಿಯ ಯಾಸಾಬುರೊನೂ ಒಂಟಿ. ದಿನಾ ಸಂಜೆ ಒಂದು ತಟ್ಟೆ ತಿನ್ನುತ್ತಿದ್ದವನು ಒಂದು ದಿನ ಬಂದು ತಟ್ಟೆ ಕೇಳದೆ ನಿಂತ.

“ಏನ್ರೀ, ಇವತ್ತು ವಾಸನೆಗೇ ಹೊಟ್ಟೆ ತುಂಬ್ತಾ?” ಎಂದಳು.

“ಬಿಪಿ ಏರಿದೆ ಕಣ್ರೀ. ಉಪ್ಪು ಕಡಿಮೆ ಮಾಡಿ ಅಂದ್ರು ಡಾಕ್ಟ್ರು. ನಿಮ್ಮ ಸಾಸು, ಉಪ್ಪು ಹಾಕಿದ ಶುಂಠಿ, ಎಲ್ಲಾ ಬಂದ್.”

“ಹಾಗಂತ ಇಲ್ಲಿ ನಿಂತು ಅಳುಮುಖ ಮಾಡ್ಬೇಡಿ, ಗಿರಾಕಿಗಳು ಓಡಿಹೋಗ್ತಾರೆ!”

ಅಂದದ್ದೇನೋ ಅಂದಳು, ಮನೆಗೆ ಹೋದರೂ ಆ ಮುಖ ಕಣ್ಣಿಂದ ಮರೆಯಾಗಲಿಲ್ಲ. ಆಕ್ಟೋಪಸ್ ಪಾಪದ್ದು, ಕೊಬ್ಬು ಕಡಿಮೆ, ಪ್ರೋಟೀನು ಜಾಸ್ತಿ. ಮೊಟ್ಟೆ, ಈರುಳ್ಳಿಸೊಪ್ಪಿನದೂ ತಪ್ಪಿಲ್ಲ. ಕಿತಾಪತಿಯೆಲ್ಲ ಸಾಸಿನದು, ಹಿಟ್ಟಿಗೆ ಬೆರೆಸುವ ಉಪ್ಪುಪ್ಪು ಸೋಯಾ ರಸದ್ದು. ಅವೆರಡನ್ನೂ ಬಿಟ್ಟರೆ ರುಚಿಗೇನು ಮಾಡುವುದು?

ರಜೆಯ ದಿನ ಅವನನ್ನೇ ಕರೆದು ಕೂರಿಸಿದಳು. ಕಡಲಪಾಚಿ, ಒಣಮೀನಿನ ತುರಿ ಹಾಕಿ ಸಾರನ್ನು ಗಟ್ಟಿಯಾಗಿ ಇಳಿಸಿದಳು. ಅದರಲ್ಲಿ ಕಲಸುವ ಮೈದಾ ಅರ್ಧಕ್ಕಿಳಿಸಿ, ಬದಲಿಗೆ ಅವನದೇ ತೋಫು ಕಿವುಚಿ ಹಾಕಿದಳು. ಗುಳಿಗಳಿಗೆ ಹೊಯ್ದು, ಉಂಡೆ ಹೊರಳಿಸಲು ದಬ್ಬಣ ಆಡಿಸಿದ್ದೇ ತಡ, ಎಲ್ಲ ಕಲಸಿ ಮುದ್ದೆಯಾಯಿತು.

“ಇದು ತಕೊಯಾಕಿನೋ, ಬಾಣಂತಿ ಗಂಜಿನೋ?”

“ಬಾಯ್ಮುಚ್ಕೊಂಡು ತಿನ್ರೀ!”

ಅವನು ಚಮಚ ತೆಗೆದುಕೊಂಡು ಪೂರ್ತಿ ಬಳಿದು ತಿಂದ. “ರುಚಿ ಇದೆ. ತೋಫು ನೀರು ಬಿಟ್ಟಿದೆ ಅಷ್ಟೆ. ಮುಂದಿನ ಸಲ ಭಾರ ಹೇರಿ, ಹಿಂಡಿ ತರ್ತೀನಿ.”

ಮುಂದಿನ ಸಲ ಅವನು ಹಿಂಡಿದ ತೋಫು ತಂದ. ಅವಳು ಲೋಳೆಗೆಣಸು ತುರಿದಿಟ್ಟಿದ್ದಳು. ಲೋಳೆ ಹಿಟ್ಟನ್ನು ಹಿಡಿದುಕೊಂಡಿತು, ಉಂಡೆಗಳು ಗುಂಡಗೆ ಹೊರಳಿದವು. ಮೇಲೆ ಹಸಿಶುಂಠಿ, ಪಾಚಿಪುಡಿ ಉದುರಿಸಿ ಕೊಟ್ಟಳು. ಅವನು ಬಿಸಿಯುಂಡೆ ಬಾಯಿಗಿಟ್ಟು ನಾಲಿಗೆ ಸುಟ್ಟುಕೊಂಡು ಕುಣಿದ. ಅವಳು ಬಿದ್ದುಬಿದ್ದು ನಕ್ಕಳು.

ಬೀದಿಯ ಸಾರ್ವಜನಿಕ ಸ್ನಾನದ ಮನೆಗೆ ಹೋಗಿಬರುವ ಅಜ್ಜಿಯರು “ಅವನಿಗೆ ಕೊಡೋದನ್ನೇ ನಮಗೂ ಕೊಡು” ಎಂದು ಸಾಲುಗಟ್ಟಿದರು. ಯಾಸಾಬುರೊ ತನ್ನ ಅಂಗಡಿ ಮುಚ್ಚಿದ ಕೂಡಲೇ ಬಂದು ಗೆಣಸು ತುರಿಯತೊಡಗಿದ. ಒಂದು ಸಂಜೆ ತಲೆಯೆತ್ತದೆ ಕೇಳಿದ:

“ನಮ್ಮಂಗಡಿಗಳ ನಡುವಿನ ಗೋಡೆ ಒಡೆಸೋಣ್ವಾ?”

“ಗೋಡೆ ವಿಷಯಕ್ಕೆ ಬಂದ್ರೋ, ಹೆಣ್ಣು ಕೇಳೋಕೋ?”

ಅವನ ಕಿವಿ ಕೆಂಪಾಯಿತು. “ಎರಡಕ್ಕೂ.”

“ಮೊದಲು ಗೋಡೆ ಒಡೆಸಿ. ಧೂಳು ಹಾರುವಾಗ ನಾನು ಸೀರಿಯಸ್ಸಾಗಿ ಯೋಚನೆ ಮಾಡ್ತೀನಿ.”

ಚಳಿ ಕಳೆಯುವುದರೊಳಗೆ ಗೋಡೆ ಬಿತ್ತು, ಮದುವೆಯೂ ಆಯಿತು. ಮದುವೆಗೆ ಓಡಿಬಂದ ಮಗಳು ಅಮ್ಮನಿಗಿಂತ ಹೆಚ್ಚು ನಕ್ಕು, ಅಮ್ಮನಿಗಿಂತ ಹೆಚ್ಚು ಅತ್ತಳು.