ಕಿಲೋಮೀಟರಪ್ಪ
ಬ್ಯಾಟರಿಯಲ್ಲೂ ಪೆಟ್ರೋಲಿನಲ್ಲೂ ಓಡುವ ಹೊಸ ಕಾರು ಕೊಂಡ ದಿನದಿಂದ ಕಿಲೋಮೀಟರಪ್ಪ ರಸ್ತೆ ನೋಡುವುದನ್ನು ಬಿಟ್ಟು, ಬ್ಯಾಟರಿಯಲ್ಲಿ ಇನ್ನೆಷ್ಟು ದೂರ ಹೋಗಬಹುದೆಂದು ತೋರಿಸುವ ಅಂಕಿಯನ್ನೇ ನೋಡತೊಡಗಿದ. "ಅದು ಬರೀ ಅಂದಾಜು ಸಾರ್, ಈಚೆಗೆ ನೀವು ಓಡಿಸಿದ ರೀತಿ ನೋಡಿ ಹೇಳುತ್ತೆ" ಎಂದು ಶೋರೂಮಿನವನು ಬಿಡಿಸಿ ಹೇಳಿದರೂ ಈ ಮಹಾಶಯನಿಗೆ ಅದು ಕಾರು ಕೊಟ್ಟ ಮಾತು. ಏರುದಾರಿಯಲ್ಲಿ ಐವತ್ತೆರಡು ನಲವತ್ತಕ್ಕಿಳಿದರೆ ಮುಖವೂ ಇಳಿಯುತ್ತಿತ್ತು. ತೆವಳುತ್ತ ಓಡಿಸಿ ಐವತ್ತೆಂಟಾದರೆ, ಬ್ಯಾಟರಿಯೇ ಬೆಳೆಯಿತೆಂದು ಬೀಗುತ್ತಿದ್ದ. ಎಂಥ ಸೆಕೆಯಲ್ಲೂ ಏಸಿ ಇಲ್ಲ. "ಲೋ, ಇದೇನು ಕಾರೋ, ಒಲೆಯೋ?" ಎಂದು ಹಿಂದಿನ ಸೀಟಿನಲ್ಲಿ ಬೆವರುತ್ತ ದರ್ಜಿ ಗೆಳೆಯ ರೇಗಿದರೆ, "ಸುಮ್ನಿರೋ, ನೀನು ಬಾಯಿ ಬಿಟ್ರೂ ಒಂದು ಕಿಲೋಮೀಟರ್ ಕಮ್ಮಿ ಆಗುತ್ತೆ" ಎನ್ನುತ್ತಿದ್ದ. ಪೆಟ್ರೋಲು ಉಳಿಸುವ ಇಂಥ ಜಿಪುಣ ಹಿಂದೆ ಹುಟ್ಟಿಲ್ಲವೆಂದು ದರ್ಜಿ ಊರೆಲ್ಲ ಆಡಿಕೊಂಡು ನಗುತ್ತಿದ್ದ. ಕಿಲೋಮೀಟರಪ್ಪ ತೀರಿಕೊಂಡ ಮೂರನೆಯ ದಿನ, ಡಯಾಲಿಸಿಸ್ ತಪ್ಪಿಸುವಂತಿಲ್ಲವೆಂದು, ವಾರವಾರವೂ ಅವನೇ ಕರೆದೊಯ್ಯುತ್ತಿದ್ದ ಅವನ ಹೆಂಡತಿಯನ್ನು ದರ್ಜಿಯೇ ಆ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದ. ಬರುವಾಗ ಅಂಕಿಯ ಗೊಡವೆಯಿಲ್ಲದೆ ಜೋರಾಗಿ ಓಡಿಸಿದ. ಅರ್ಧ ದಾರಿಯಲ್ಲೇ ಬ್ಯಾಟರಿ ಮುಗಿದು, ಅಲ್ಲಿಯವರೆಗೆ ಸದ್ದಿಲ್ಲದೆ ಓಡುತ್ತಿದ್ದ ಕಾರಿನ ಪೆಟ್ರೋಲ್ ಎಂಜಿನ್ ಗುರ್ರೆಂದಿತು. ಪಕ್ಕದಲ್ಲಿ ನಿದ್ದೆಹೋಗಿದ್ದ ಅತ್ತಿಗೆ ಬೆಚ್ಚಿ ಕಣ್ಣುಬಿಟ್ಟರು. "ಏನಿಲ್ಲ ಕಣಪ್ಪಾ," ಎಂದರು. "ಅವ್ರು ಓಡಿಸುವಾಗ ಮನೆ ಬರೋವರೆಗೂ ನಂಗೆ ಎಚ್ಚರಾನೇ ಆಗ್ತಿರ್ಲಿಲ್ಲ."